806ರಲ್ಲಿ ಒಂದು ಕೊಂಡಿ, ವರ್ಷಕ್ಕೆ ಎರಡು ಕೋಟಿ

ಎಫ್‌ಜಿಎಫ್‌ಆರ್-3 ಎಂಬ ಗ್ರಾಹಕ ಪ್ರೋಟೀನಿನಲ್ಲಿರುವುದು 806 ಅಮೈನೋ ಆಮ್ಲಗಳು. ಇವುಗಳಲ್ಲಿ ಜೀವಕೋಶದ ಪೊರೆಯನ್ನು ದಾಟುವುದು ಇಪ್ಪತ್ತು ಚಿಲ್ಲರೆ ಕೊಂಡಿಗಳ ಒಂದು ಸುರುಳಿ ಮಾತ್ರ. ಅಲ್ಲಿನ 380ನೇ ಜಾಗದಲ್ಲಿ ಗ್ಲೈಸಿನ್ ಬದಲು ಆರ್ಜಿನಿನ್ ಕೂತರೆ ಮಗುವಿಗೆ ಅಕಾಂಡ್ರೋಪ್ಲೇಸಿಯಾ ಬರುತ್ತದೆ. ಕೈಕಾಲು ಗಿಡ್ಡವಾಗುವ ಕುಬ್ಜತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. 1994ರಲ್ಲಿ ಪತ್ತೆಯಾದ ಈ ಬದಲಾವಣೆಯೇ ಶೇ 95ಕ್ಕೂ ಹೆಚ್ಚು ಪ್ರಕರಣಗಳಿಗೆ ಕಾರಣ.

ಹೊರಗಿನಿಂದ ಬೆಳವಣಿಗೆಯ ಸಂಕೇತ ಬಂದಾಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ. ಪೊರೆಯ ಒಳಗಿರುವ ಅವುಗಳ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಸಂದೇಶ ರಾಸ್, ರಾಫ್, ಮೆಕ್, ಎರ್ಕ್ ಪ್ರೋಟೀನುಗಳ ಸಾಲಿನಲ್ಲಿ ಕೈಬದಲಾಗಿ ಕೋಶಕೇಂದ್ರ ಮುಟ್ಟುತ್ತದೆ. ಮೂಳೆ ಬೆಳೆಯುವ ಮೃದ್ವಸ್ಥಿಯಲ್ಲಿ ಈ ಸಂದೇಶ ಬ್ರೇಕ್ ಇದ್ದಂತೆ. ಆರ್ಜಿನಿನ್ ಕೂತ ಗ್ರಾಹಕ ಆ ಬ್ರೇಕನ್ನು ಅತಿಯಾಗಿ ಒತ್ತುತ್ತಲೇ ಇರುತ್ತದೆ.

ಸುಮಾರು 25,000 ಜನನಕ್ಕೆ ಒಂದು ಎಂದು ಹಿಡಿದರೆ, ವರ್ಷಕ್ಕೆ 2.3 ಕೋಟಿ ಮಕ್ಕಳು ಹುಟ್ಟುವ ಭಾರತದಲ್ಲಿ ಇಂಥ ಮಕ್ಕಳು 900ರ ಆಸುಪಾಸು. ಸುಮಾರು ಶೇ 80ರಷ್ಟು ಮಕ್ಕಳ ತಂದೆತಾಯಿಯದು ಸಾಮಾನ್ಯ ಎತ್ತರ. ಅಲ್ಲಿ ಬದಲಾವಣೆ ಹೊಸದಾಗಿ ಆದದ್ದು. ತಾಯಿಯನ್ನಾಗಲಿ ಮನೆತನವನ್ನಾಗಲಿ ದೂರುವುದು ಶುದ್ಧ ಅನ್ಯಾಯ.

2021ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅನುಮತಿ ಪಡೆದ ವೊಸೊರಿಟೈಡ್ 39 ಅಮೈನೋ ಆಮ್ಲಗಳ ಔಷಧ. ಕೆಟ್ಟ ಗ್ರಾಹಕವನ್ನು ಇದು ಮುಟ್ಟುವುದಿಲ್ಲ. ಪೊರೆಯ ಮೇಲಿನ ಇನ್ನೊಂದು ಗ್ರಾಹಕಕ್ಕೆ ಅಂಟಿಕೊಂಡು, ಒಳಗೆ ರಾಫ್ ಹಂತದಲ್ಲಿ ಸಂದೇಶವನ್ನು ತಡೆಯುತ್ತದೆ. 121 ಮಕ್ಕಳ ಮೇಲೆ ವರ್ಷವಿಡೀ ನಡೆದ ಪ್ರಯೋಗದಲ್ಲಿ, ಔಷಧ ಪಡೆದವರು ಪಡೆಯದವರಿಗಿಂತ ಸರಾಸರಿ 1.57 ಸೆಂ.ಮೀ. ಹೆಚ್ಚು ಬೆಳೆದರು. ದಿನಕ್ಕೊಂದು ಚುಚ್ಚುಮದ್ದು, ಬೆಳವಣಿಗೆ ನಿಲ್ಲುವವರೆಗೂ. ಅಮೆರಿಕದಲ್ಲಿ ಇದರ ವಾರ್ಷಿಕ ಪಟ್ಟಿ ಬೆಲೆ ಸುಮಾರು 3 ಲಕ್ಷ ಡಾಲರ್, ಅಂದರೆ ಎರಡು ಕೋಟಿ ರೂಪಾಯಿಗೂ ಮೇಲೆ. ಹೆಚ್ಚುವರಿ ಸೆಂಟಿಮೀಟರ್ ಒಂದಕ್ಕೆ ಹೆಚ್ಚುಕಡಿಮೆ 1.9 ಲಕ್ಷ ಡಾಲರ್ ಬಿದ್ದಂತಾಯಿತು. ಭಾರತದ ಅಪರೂಪದ ಕಾಯಿಲೆಗಳ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಯ ರೋಗಿಯೊಬ್ಬರಿಗೆ ಸಿಗುವ ಗರಿಷ್ಠ ನೆರವು 50 ಲಕ್ಷ ರೂಪಾಯಿ. ಆ ಅಳತೆಯಲ್ಲಿ ನೋಡಿದರೆ ಮೂರು ತಿಂಗಳ ಮದ್ದಿಗೂ ಸಾಲದು.

ಈ ಬೆಲೆ ಇಳಿಯಲೇಬೇಕು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈ ಮಕ್ಕಳಿಗೆ ಜೀವಾಪಾಯವಿರುವುದು ಎತ್ತರದಿಂದಲ್ಲ. ತಲೆಬುರುಡೆಯ ಬುಡದ ರಂಧ್ರ ಕಿರಿದಾಗಿ ಮಿದುಳುಬಳ್ಳಿ ಅದುಮಿಹೋಗುವುದರಿಂದ, ಅದೂ ಎಳೆತನದಲ್ಲಿ. ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ ತೆಗೆಯುವುದು, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂದು ಕೇಳುವುದು, ಅನುಮಾನ ಬಂದರೆ ಎಂಆರ್‌ಐ ಮಾಡಿಸುವುದು ಜಿಲ್ಲಾ ಮಟ್ಟದಲ್ಲೇ ಆಗಬಹುದಾದ ಕೆಲಸ. ವರ್ಷಕ್ಕೆ 900 ಮಕ್ಕಳಿಗೆ ಇಷ್ಟು ಮಾಡಲು ಕೋಟಿ ಬೇಡ, ನಿಗಾ ಬೇಕು.