ಅಂಗಡಿ ಲೈಟಿಗೆ ಬಂದ ದೊಡ್ಡ ಪತಂಗ: ಫೋಟೊ ಒಂದೇ ಸಾಲದು, ದಿನಾಂಕ–ಊರು ಬರೆದಿಡಿ

ಶಿವಮೊಗ್ಗ: ಮಳೆಗಾಲ ಶುರುವಾದರೆ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಅಂಗೈಗಿಂತ ದೊಡ್ಡ ಕಂದು ಪತಂಗ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಆಕಾರ. ಕೆಳಗೆ ‘ಅಪರೂಪದ ಚಿಟ್ಟೆ ಪತ್ತೆ’ ಅಂತ ಒಂದು ಸಾಲು. ಯಾವ ಊರು, ಯಾವತ್ತು, ಯಾರು ನೋಡಿದ್ದು ಎಂಬುದು ಇರುವುದಿಲ್ಲ. ನಾಲ್ಕು ಗ್ರೂಪು ದಾಟುವಷ್ಟರಲ್ಲಿ ಅದು ಸಾಗರದ್ದೋ, ಕೇರಳದ್ದೋ ಎಂದು ಹೇಳಲೂ ಆಗುವುದಿಲ್ಲ.

ಅದು ಅಟ್ಲಾಸ್ ಪತಂಗ. ಮಲೆನಾಡಿಗೆ ಹೊಸದೇನಲ್ಲ. ಆದರೆ ಯಾವ ತಾಲ್ಲೂಕಿನಲ್ಲಿ ಯಾವ ತಿಂಗಳು ಎಷ್ಟು ಕಂಡವು, ಹತ್ತು ವರ್ಷದ ಹಿಂದಿಗಿಂತ ಹೆಚ್ಚಾಗಿವೆಯೋ ಕಡಿಮೆಯಾಗಿವೆಯೋ ಎಂದು ಕೇಳಿದರೆ, ಬರೆದಿಡದೆ ಹೋದ ಫೋಟೊಗಳಿಂದ ಉತ್ತರ ಸಿಗಲ್ಲ. ಕೀಟ, ಜೇಡಗಳನ್ನು ದಾಖಲಿಸುವುದು ಎಂದರೆ ಇಷ್ಟೇ: ಕಂಡದ್ದನ್ನು ದಿನಾಂಕ, ಜಾಗದ ಸಮೇತ, ಬೇರೆಯವರು ಪರೀಕ್ಷಿಸಿ ನೋಡುವ ಹಾಗೆ ಇಡುವುದು. ಇದು ಬರೀ ಹವ್ಯಾಸದ ಮಾತಲ್ಲ ಎನ್ನುವುದಕ್ಕೆ ಈ ಜಿಲ್ಲೆಯಲ್ಲೇ ಎರಡು ಉದಾಹರಣೆಗಳಿವೆ.

ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ

ಮೆಕ್ಕೆಜೋಳ ಬೆಳೆಯುವ ಶಿಕಾರಿಪುರ, ಸೊರಬ, ಶಿವಮೊಗ್ಗ ಕಡೆಯ ರೈತರಿಗೆ ಫಾಲ್ ಸೈನಿಕ ಹುಳುವಿನ ಪರಿಚಯ ಮಾಡಿಸಬೇಕಿಲ್ಲ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಅದು ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನ ಮೆಕ್ಕೆಜೋಳದ ತಾಕಿನಲ್ಲಿ. ಎಲೆ ತಿನ್ನುವ ಲದ್ದಿಹುಳು ಹೊಸದಲ್ಲ, ಪ್ರತಿವರ್ಷ ಇದ್ದದ್ದೇ. ‘ಇದು ಎಂದಿನದ್ದಲ್ಲ’ ಎಂದು ಗಮನಿಸಿ, ಹುಳುವನ್ನು ಸಾಕಿ, ಪತಂಗ ಮಾಡಿಸಿ, ಜಾತಿ ಖಚಿತಪಡಿಸಿದ್ದರಿಂದ ದೇಶಕ್ಕೆ ಸುದ್ದಿ ಗೊತ್ತಾಯಿತು.

ಗುರುತು ಹಿಡಿಯುವುದು ಚಿಕ್ಕ ವಿವರದಿಂದ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ತಲೆ ಮತ್ತು ಬಾಲ ಸ್ಪಷ್ಟವಾಗಿರುವ ಎರಡು ಫೋಟೊ ಇದ್ದರೆ ಕೃಷಿ ಅಧಿಕಾರಿ ಹೊಲಕ್ಕೆ ಬರುವ ಮೊದಲೇ ಅಂದಾಜು ಮಾಡಬಹುದು. ಇಡೀ ಗಿಡದ ಫೋಟೊ ಒಂದೇ ಇದ್ದರೆ ಅದು ಆಗಲ್ಲ. ಇದರ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ವರೆಗೂ ಹಾರಬಲ್ಲದು. ಮುಂಚೆ ಗೊತ್ತಾದಷ್ಟೂ ಪಕ್ಕದ ತಾಲ್ಲೂಕಿಗೆ ಎಚ್ಚರಿಕೆ ಕೊಡಲು ಸಮಯ ಸಿಗುತ್ತದೆ.

ಕ್ಯಾಸನೂರಿನ ಪಾಠ

ಎರಡನೆಯದು ಇನ್ನೂ ಹಳೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನು ಹಿಡಿದು ಹೋದಾಗ ಸಿಕ್ಕಿದ್ದು ಮಂಗನ ಕಾಯಿಲೆಯ ವೈರಸ್. ಅದನ್ನು ಹರಡುವುದು ಉಣುಗು. ಎಂಟು ಕಾಲಿನ ಉಣುಗು ಕೀಟವಲ್ಲ, ಜೇಡದ ನೆಂಟ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎಂದು ಇಲಾಖೆ ಪ್ರತಿವರ್ಷ ಹೇಳುವುದು ಇದಕ್ಕೇ. ಎಲ್ಲಿ, ಯಾವತ್ತು ಎಂಬ ಎರಡು ಮಾಹಿತಿ ಸಿಕ್ಕರೆ ಸುತ್ತಲಿನ ಹಳ್ಳಿಗಳಿಗೆ ಮುನ್ನೆಚ್ಚರಿಕೆ ಕೊಡಬಹುದು.

ಯಾವುದನ್ನು ಬರೆದಿಡಬೇಕು?

ಕಂಡ ಇರುವೆಯನ್ನೆಲ್ಲ ಬರೆಯಲು ಆಗುವುದಿಲ್ಲ. ಈ ನಾಲ್ಕರಲ್ಲಿ ಒಂದಾದರೂ ಇದ್ದರೆ ಬರೆದಿಡುವುದು ಒಳ್ಳೆಯದು:

• ಊರಿನ ಹಿರಿಯರೂ ನೋಡಿಲ್ಲ ಎನ್ನುವ ಹುಳು ಅಥವಾ ಜೇಡ.
• ಕಾಲ ತಪ್ಪಿ ಬಂದದ್ದು. ಮುಂಗಾರಿಗೆ ಮುಂಚೆ ಕಾಣುವ ಮಿಂಚುಹುಳ ಬೇರೆ ಹೊತ್ತಲ್ಲಿ ಕಂಡರೆ ಅದೂ ಸುದ್ದಿಯೇ.
• ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ. ಒಮ್ಮೆಲೇ ಸಾವಿರಾರು ಬಂದದ್ದು, ಅಥವಾ ಪ್ರತಿವರ್ಷ ಬರುವುದು ಈ ವರ್ಷ ಬಾರದೇ ಇದ್ದದ್ದು.
• ಹೊಸ ಬೆಳೆಗೆ ಬಿದ್ದದ್ದು. ಮೆಕ್ಕೆಜೋಳದ ಹುಳು ಶುಂಠಿಯಲ್ಲೋ, ಭತ್ತದಲ್ಲೋ ಕಂಡರೆ ಕೃಷಿ ಇಲಾಖೆಗೆ ಅದು ಬೇಕಾದ ಮಾಹಿತಿ.

ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ‘ಮೊದಲೆಲ್ಲ ಮಿಂಚುಹುಳ ಮರ ತುಂಬ ಇರ್ತಿದ್ವು’ ಎಂದು ಎಲ್ಲರೂ ಹೇಳುತ್ತಾರೆ. ಯಾವ ಮರ, ಯಾವ ವರ್ಷದವರೆಗೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಸಾಮಾನ್ಯ ಕೀಟದ ದಾಖಲೆಯೂ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮಾಲ್ಡೀವ್ಸ್‌ನ ಉದಾಹರಣೆಯಿದೆ. ಅಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಕಡಲ ಜೀವಿಗಳ ತಜ್ಞ, ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಬರುವುದನ್ನು ಗಮನಿಸಿ ದಿನಾಂಕ ಬರೆದಿಡುತ್ತಾ ಹೋದರು. ಆ ದ್ವೀಪಗಳಲ್ಲಿ ಅವು ಮೊಟ್ಟೆಯಿಡುವಂಥ ಸಿಹಿನೀರೇ ಕಡಿಮೆ. ಹಾಗಾದರೆ ಎಲ್ಲಿಂದ ಬರುತ್ತವೆ? ವರ್ಷಗಟ್ಟಲೆ ಬರೆದಿಟ್ಟ ದಿನಾಂಕಗಳನ್ನು ಗಾಳಿಯ ದಿಕ್ಕಿನ ಜೊತೆ ಹೋಲಿಸಿ, ಅವು ಭಾರತದಿಂದ ಹೊರಟು ಪೂರ್ವ ಆಫ್ರಿಕಾದ ಕಡೆ ಸಮುದ್ರ ದಾಟುತ್ತಿವೆ ಎಂದು 2009ರಲ್ಲಿ ಅವರು ವಾದ ಮುಂದಿಟ್ಟರು. ಅದೇ ಜಾತಿ ನಮ್ಮ ಗದ್ದೆಗಳ ಮೇಲೂ ಮಳೆ ಬಿಡುವ ಹೊತ್ತಿಗೆ ಗುಂಪಾಗಿ ಹಾರುತ್ತದೆ.

ಫೋಟೊ ಹೇಗಿರಬೇಕು?

ದುಬಾರಿ ಕ್ಯಾಮೆರಾ ಬೇಡ, ಕೈಯಲ್ಲಿರುವ ಫೋನು ಸಾಕು. ಒಂದರ ಬದಲು ಮೂರು ಫೋಟೊ ತೆಗೆಯಿರಿ: ಮೇಲಿನಿಂದ, ಪಕ್ಕದಿಂದ, ಮತ್ತು ಅದು ಕೂತ ಗಿಡ ಅಥವಾ ಬಲೆ ಕಾಣುವ ಹಾಗೆ. ಚಿಟ್ಟೆ ರೆಕ್ಕೆ ಮಡಚಿದ್ದರೆ ರೆಕ್ಕೆಯ ಕೆಳಭಾಗವೂ ಬೇಕು. ಗಾತ್ರ ಗೊತ್ತಾಗಲು ಪಕ್ಕದಲ್ಲಿ, ಮುಟ್ಟದ ಹಾಗೆ, ಒಂದು ನಾಣ್ಯ ಇಡಬಹುದು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿ, ತೆಗೆದ ಸಮಯ ಅಳಿಸಿ ಹೋಗುತ್ತದೆ. ಚಿತ್ರವೂ ಮಸುಕಾಗುತ್ತದೆ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮಾಹಿತಿ ಉಳಿಯುತ್ತದೆ. ಅದಕ್ಕಿಂತ ಖಚಿತವಾದದ್ದು, ಅಂಗಡಿಯ ಹಳೆ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಬಿಟ್ಟು ಬರೆಯುವುದು. ಮಾದರಿಗೆ:

*ಸೆಪ್ಟೆಂಬರ್ 14, ರಾತ್ರಿ 9.40. ತೀರ್ಥಹಳ್ಳಿ, ಅಂಗಡಿ ಗೋಡೆ, ಟ್ಯೂಬ್‌ಲೈಟ್ ಕೆಳಗೆ. ದೊಡ್ಡ ಕಂದು ಪತಂಗ, ಒಂದು. ಸಂಜೆ ಮಳೆ ಬಂದಿತ್ತು. ಬಹುಶಃ ಅಟ್ಲಾಸ್. ಫೋಟೊ ಮೂರು.*

ಹೆಸರು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಹೆಸರನ್ನು ಆಮೇಲೆ ಬಲ್ಲವರಿಂದ ತಿಳಿಯಬಹುದು, ದಿನಾಂಕವನ್ನು ಆಮೇಲೆ ತರಲು ಆಗಲ್ಲ.

ಹಳೆಯ ನೆನಪನ್ನೂ ಪೂರ್ತಿ ಬಿಡಬೇಕಿಲ್ಲ. ‘ಆರಿದ್ರಾ ಮಳೆ ಹಿಡಿದಾಗ ಬರ್ತಿತ್ತು’ ಎಂದು ಅಜ್ಜ ಹೇಳಿದರೆ ಅದು ಜೂನ್ ಕೊನೆ, ಜುಲೈ ಮೊದಲ ವಾರ. ಮಳೆ ನಕ್ಷತ್ರಗಳಿಗೆ ಕ್ಯಾಲೆಂಡರ್‌ನಲ್ಲಿ ಹೆಚ್ಚುಕಡಿಮೆ ನಿಗದಿತ ದಿನಗಳಿವೆ. ಹಾಗಾಗಿ ಆ ಮಾತೂ ಒಂದು ಅಂದಾಜು ದಾಖಲೆ. ‘ನೆನಪಿನಿಂದ’ ಎಂದು ಪಕ್ಕದಲ್ಲಿ ಬರೆದರಾಯಿತು.

ಅಂಗಡಿಯವರಿಗೆ ಇರುವ ಅನುಕೂಲ

ಪತಂಗಗಳ ಅಧ್ಯಯನ ಮಾಡುವವರು ಕಾಡಂಚಿನಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ ರಾತ್ರಿಯಿಡೀ ಕಾಯುತ್ತಾರೆ. ಬಸ್ ನಿಲ್ದಾಣದ ಎದುರಿನ ಬೇಕರಿ, ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್‌ಗಳ ಗೋಡೆಯಲ್ಲಿ ಅದೇ ವ್ಯವಸ್ಥೆ ತಾನಾಗಿಯೇ ಇದೆ. ಹಳದಿ ಬೆಳಕಿಗಿಂತ ಬಿಳಿ ಬೆಳಕಿಗೆ ಹುಳು ಹೆಚ್ಚು ಬರುತ್ತವೆ. ಬೆಳಿಗ್ಗೆ ಷಟರ್ ಎತ್ತುವಾಗ, ಪೊರಕೆ ಹಿಡಿಯುವ ಮೊದಲು, ಗೋಡೆಯ ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಅಟ್ಲಾಸ್ ಪತಂಗ ಸಿಕ್ಕರೆ ಡಬ್ಬಿಯಲ್ಲಿ ಹಾಕಿಡಬೇಡಿ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ತಿನ್ನಲು ಬಾಯಿಯೂ ಇಲ್ಲ. ಬದುಕುವುದು ಒಂದೆರಡು ವಾರ ಮಾತ್ರ. ಅಷ್ಟರಲ್ಲಿ ಜೋಡಿ ಹುಡುಕಿ ಮೊಟ್ಟೆ ಇಡಬೇಕು. ಫೋಟೊ ತೆಗೆದು ಲೈಟ್ ಆರಿಸಿದರೆ ಅದು ತಾನೇ ಹೋಗುತ್ತದೆ.

ಲೈಟಿಗೆ ಬರುವವುಗಳಲ್ಲಿ ಎಚ್ಚರ ಬೇಕಾದದ್ದೂ ಒಂದಿದೆ. ಕೆಂಪು–ಕಪ್ಪು ಪಟ್ಟೆಯ, ಇರುವೆಯಂತೆ ಉದ್ದಕ್ಕಿರುವ ಸಣ್ಣ ಹುಳು. ಕೆಲವು ಕಡೆ ‘ಆಸಿಡ್ ಹುಳ’ ಎನ್ನುತ್ತಾರೆ. ಅದು ಕಚ್ಚುವುದಿಲ್ಲ. ಮೈಮೇಲೆ ಉಜ್ಜಿ ಕೊಂದರೆ ಒಳಗಿನ ರಸ ತಾಗಿ ಚರ್ಮ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಊದಿ ಹಾರಿಸಿ, ಆ ಜಾಗವನ್ನು ಸೋಪು ಹಾಕಿ ತೊಳೆಯಿರಿ.

ಗುರುತಿನಲ್ಲಿ ತಪ್ಪಾಗುವುದು ಎಲ್ಲಿ?

ಚಗಳಿ ಕೊಟ್ಟೆಯ ಹತ್ತಿರ ಓಡಾಡುವ ಎಲ್ಲವೂ ಚಗಳಿಯಲ್ಲ. ಅದರಂತೆಯೇ ವೇಷ ಹಾಕಿದ ಒಂದು ಜೇಡವಿದೆ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಹಿಡಿದು ನಡೆಯುತ್ತದೆ. ಕಾಲು ಎಣಿಸಿದರೆ ಎಂಟು. ಹೆದರಿಸಿದರೆ ನೂಲು ಬಿಟ್ಟು ಕೆಳಗೆ ಜೋತುಬೀಳುತ್ತದೆ. ಚಗಳಿಗೆ ಅದು ಬರಲ್ಲ.

ಅಡಿಕೆ ತೋಟದ ಅಂಚಿನಲ್ಲಿ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ದೈತ್ಯ ಜೇಡದ ಬಲೆಯಲ್ಲಿ ಪುಟ್ಟ ಜೇಡವೊಂದು ಕಂಡರೆ ಅದನ್ನು ಮರಿ ಎಂದುಕೊಳ್ಳುವವರೇ ಹೆಚ್ಚು. ಬಹುತೇಕ ಅದು ಗಂಡು ಜೇಡ. ದೊಡ್ಡದು ಹೆಣ್ಣು. ಮನುಷ್ಯರಿಗೆ ಇವುಗಳಿಂದ ಅಪಾಯವಿಲ್ಲ.

ತಪ್ಪು ಗುರುತು ಭಯವನ್ನೂ ಹಬ್ಬಿಸುತ್ತದೆ. 2022ರಲ್ಲಿ ‘ಹೊಲದ ಈ ಕಂಬಳಿಹುಳು ಮುಟ್ಟಿದರೆ ಐದು ನಿಮಿಷದಲ್ಲಿ ಸಾವು’ ಎಂಬಂಥ ಸಂದೇಶಗಳು ಫೋಟೊ ಸಮೇತ ಹರಿದಾಡಿದವು. ಮುಟ್ಟಿದರೆ ಉರಿ, ತುರಿಕೆ ಆಗುತ್ತದೆ, ಸಾಯುವಂಥ ವಿಷವಲ್ಲ ಎಂದು ಕೀಟತಜ್ಞರು ಸ್ಪಷ್ಟಪಡಿಸುವಷ್ಟರಲ್ಲಿ ಎಷ್ಟೋ ಜನ ಹೊಲಕ್ಕೆ ಇಳಿಯಲು ಹೆದರಿದ್ದರು. ಊರು, ದಿನಾಂಕ ಇಲ್ಲದ ಇಂಥ ಫೋಟೊ ಬಂದರೆ ಮುಂದೆ ಕಳಿಸದಿರುವುದೇ ಸರಿ.

ದಾಖಲೆ ಎಲ್ಲಿಗೆ ಕೊಡಬೇಕು?

• ಬೆಳೆಯ ಹುಳು ಆದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರ. ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551, ಉಚಿತ.
• ಉಳಿದವು ಐನ್ಯಾಚುರಲಿಸ್ಟ್ ಆ್ಯಪ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ. ಫೋಟೊ ಹಾಕಿದರೆ ಗೊತ್ತಿರುವವರು ಹೆಸರು ಹೇಳುತ್ತಾರೆ. ಒಬ್ಬರ ಮಾತಿಗೇ ಅದು ಖಚಿತ ಆಗುವುದಿಲ್ಲ, ಇನ್ನೊಬ್ಬರಾದರೂ ಒಪ್ಪಬೇಕು. ಚಿಟ್ಟೆಗಳಿಗೇ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣವಿದೆ.
• ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ‘ಜನತಾ ಜೀವವೈವಿಧ್ಯ ದಾಖಲಾತಿ’ ಇಡಬೇಕು. ಆ ಪುಸ್ತಕದಲ್ಲಿ ಮರ, ಔಷಧಿ ಗಿಡಗಳ ಜೊತೆ ಕೀಟಗಳಿಗೂ ಜಾಗವಿದೆ. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಏನಿದೆ ಎಂದು ಕೇಳಿ ನೋಡಬಹುದು.

ಹೇಳಬಾರದ ಜಾಗ

ಜಾಗವನ್ನು ಬರೆದಿಡುವುದು ಬೇರೆ, ಎಲ್ಲರಿಗೂ ಸಾರುವುದು ಬೇರೆ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ ಪೊಸಿಲೊಥೇರಿಯಾ ಎಂಬ ರೋಮದ ದೊಡ್ಡ ಜೇಡಗಳನ್ನು ಸಾಕುವ ಖಯಾಲಿಯವರಿಗಾಗಿ ವಿದೇಶಕ್ಕೆ ಮಾರಾಟ ಮಾಡುವವರಿದ್ದಾರೆ. ಹಾಗಾಗಿಯೇ 2019ರಲ್ಲಿ ಈ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು. ಇಂಥದ್ದು ಕಂಡರೆ ಮರದ ಗುರುತು, ಲೊಕೇಶನ್ ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಆ್ಯಪ್‌ನಲ್ಲಿ ಜಾಗ ಮರೆಮಾಡುವ ಆಯ್ಕೆಯಿದೆ, ತಾಲ್ಲೂಕಿನ ಹೆಸರಷ್ಟೇ ಸಾಕು. ಚಿಟ್ಟೆ ಹಿಡಿದು ಪಿನ್ನು ಚುಚ್ಚಿ ಇಡುವುದೂ ಬೇಡ. ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಪಡೆದ ಚಿಟ್ಟೆಗಳು ಹಲವಿವೆ.

ರಾಜ್ಯದ ಚಿಟ್ಟೆ ಎನಿಸಿದ ಸದರ್ನ್ ಬರ್ಡ್‌ವಿಂಗ್ ನಮ್ಮ ಮಲೆನಾಡಿನದ್ದೂ ಹೌದು. ಹಳದಿ–ಕಪ್ಪು ಬಣ್ಣ, ಹಕ್ಕಿಯಷ್ಟು ಅಗಲದ ರೆಕ್ಕೆ. ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಗಿಡಗಳ ಎಲೆ. ಬೇಲಿ ಸವರುವಾಗ ಆ ಬಳ್ಳಿ ಹೋದರೆ ಅದು ಮೊಟ್ಟೆ ಇಡಲು ಬೇರೆ ಕಡೆ ಹೋಗಬೇಕು. ಬಳ್ಳಿ ಎಲ್ಲಿದೆ ಎಂದು ಬರೆದಿಟ್ಟಿದ್ದರೆ ಬೇಲಿ ಸವರುವವರಿಗೆ ಅಷ್ಟು ಜಾಗ ಬಿಡಿ ಅಂತ ಹೇಳಬಹುದು.