ಪೊಲೀಸರ ಅಳಲು ಕೇಳುವವರಾರು?

ಪೊಲೀಸ್ ಸಿಬ್ಬಂದಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರೆ ‘ಕೌಟುಂಬಿಕ ಕಾರಣ’ ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನೂ ಆ ಷರಾವನ್ನು ಪ್ರಶ್ನಿಸಲಿಲ್ಲ. ಆದರೆ ಆತ್ಮಹತ್ಯೆಗೆ ಒಂದೇ ಕಾರಣವಿರುವುದು ವಿರಳ. ಅಪಘಾತದ ಶವಗಳನ್ನು ಎತ್ತಿದ ಕಾನ್‌ಸ್ಟೆಬಲ್ ಮರುಗಳಿಗೆಯೇ ಬಂದೋಬಸ್ತಿಗೆ ನಿಲ್ಲಬೇಕು. ನಿದ್ದೆಗೆಟ್ಟು ಮರಳಿದವನ ಸಂಕಟ ಮನೆಯವರನ್ನು ತಟ್ಟದೆ ಇದ್ದೀತೆ?

ಪೊಲೀಸರು ಸಂಘ ಕಟ್ಟುವ ಹಕ್ಕನ್ನು 1966ರ ಕೇಂದ್ರ ಕಾಯ್ದೆ ನಿರ್ಬಂಧಿಸಿದೆ. 2016ರ ಜೂನ್‌ನಲ್ಲಿ ವೇತನ, ವಾರದ ರಜೆಗಳಿಗಾಗಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗ ಸರ್ಕಾರ ಎಸ್ಮಾ ಜಾರಿಯ ಎಚ್ಚರಿಕೆ ನೀಡಿತು. ಶಿಸ್ತು ಬೇಕು, ನಿಜ. ಆದರೆ ದೂರುವ ಬಾಯಿಗೆ ಬೀಗ ಹಾಕಿದ ಪ್ರಭುತ್ವಕ್ಕೆ ತಾನಾಗಿ ಕೇಳಿಸಿಕೊಳ್ಳುವ ಹೊಣೆಯೂ ಇದೆ.

ಖಾಲಿ ಹುದ್ದೆಯ ಸಂಬಳ ಬಜೆಟ್ಟಿನಲ್ಲಿ ಉಳಿತಾಯವಾಗಿ ಕಾಣುತ್ತದೆ. ಅದರ ಬೆಲೆಯನ್ನು ಉಳಿದ ಸಿಬ್ಬಂದಿ ತಮ್ಮ ಆರೋಗ್ಯದಿಂದ ತೆರುತ್ತಾರೆ. ಹುದ್ದೆಗಳನ್ನು ತುಂಬುವುದು ಮತ್ತು ತಪ್ಪದ ವಾರದ ರಜೆ ಮೊದಲ ಚಿಕಿತ್ಸೆ. ಎರಡನೆಯದು, ಮೇಲಧಿಕಾರಿಗೆ ವರದಿ ಮಾಡದ ಆಪ್ತಸಮಾಲೋಚಕರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಮನ್ನಿಸಿದೆ. ಹೀಗಿರುವಾಗ ಚಿಕಿತ್ಸೆ ಪಡೆದದ್ದು ಬಡ್ತಿಗೆ ಮುಳುವಾಗಬಾರದು. ಖಿನ್ನನಾದವನಿಂದ ಬಂದೂಕನ್ನು ಕೆಲಕಾಲ ದೂರವಿಡುವುದು ಶಿಕ್ಷೆಯಲ್ಲ, ರಕ್ಷಣೆ ಎಂಬ ತಿಳಿವಳಿಕೆ ಠಾಣೆಗಳಲ್ಲಿ ಬೇರೂರಬೇಕು.

ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ. ಪ್ರತಿ ಠಾಣೆಯ ಗೋಡೆಯಲ್ಲೂ ಆ ಸಂಖ್ಯೆ ಇರಲಿ. ಅದಕ್ಕೆ ಕರೆಮಾಡಿದವನನ್ನು ಅಂಜುಬುರುಕನೆಂದು ಹಂಗಿಸದ ಅಧಿಕಾರಿಯೂ ಅಲ್ಲಿರಲಿ.