ಯುಗಾದಿಗೆ ‘ಸೈಬೀರಿಯಾ ಹಕ್ಕಿ’ ಬರುತ್ತಾ? ದಾಬಸ್‌ಪೇಟೆಯ ಕೆರೆಗಳಲ್ಲಿ ನಡೆಯುವುದೇ ಬೇರೆ

ಹೊಂಗೆ ಚಿಗುರಿ ಮಾವು ಕಾಯಿ ಕಚ್ಚುವ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಕ್ಕಿಗಳ ಕುರಿತ ಸಂದೇಶಗಳು ಹರಿದಾಡಲು ಶುರುವಾಗುತ್ತವೆ. ಒಂದರಲ್ಲಿ ಉದ್ದ ಕೊಕ್ಕಿನ, ರೆಕ್ಕೆ ತುದಿಗೆ ಗುಲಾಬಿ ಬಣ್ಣವಿರುವ ದೊಡ್ಡ ಕೊಕ್ಕರೆಯ ಫೋಟೊ ಇರುತ್ತದೆ. ‘ವಸಂತ ಬಂತು, ಸೈಬೀರಿಯಾದಿಂದ ಅತಿಥಿಗಳು ಬಂದರು, ಮೊಟ್ಟೆ ಇಟ್ಟು ವಾಪಸ್ ಹೋಗುತ್ತವೆ’ ಎಂಬುದು ಅದರ ಒಕ್ಕಣೆ. ಇನ್ನೊಂದು, ಕೋಗಿಲೆ ಹಿಮಾಲಯದಿಂದ ಯುಗಾದಿಗೇ ಬರುತ್ತದೆ ಎನ್ನುತ್ತದೆ. ಮೂರನೆಯದು ಹೆದರಿಸುತ್ತದೆ: ‘ವಿದೇಶಿ ಹಕ್ಕಿಗಳು ಹಕ್ಕಿಜ್ವರ ತಂದಿವೆ, ಕೆರೆ ಕಡೆ ಹೋಗಬೇಡಿ, ಕೋಳಿ ತಿನ್ನಬೇಡಿ.’

ಈ ಮೂರನ್ನೂ ನಾವು ದಾಬಸ್‌ಪೇಟೆ ಸುತ್ತಿನ ಕೆರೆ, ಹೊಲ, ಶಿವಗಂಗೆ ಬೆಟ್ಟದ ತಪ್ಪಲನ್ನು ಕಣ್ಣ ಮುಂದಿಟ್ಟುಕೊಂಡು ಪರಿಶೀಲಿಸಿದ್ದೇವೆ. ಒಂದು ಕಡೆ ತುಮಕೂರು ಹೆದ್ದಾರಿ, ಇನ್ನೊಂದು ಕಡೆ ಸೋಂಪುರ ಕೈಗಾರಿಕಾ ಪ್ರದೇಶ ಇರುವ ಈ ಊರಲ್ಲಿ ಹಕ್ಕಿ ಎಲ್ಲಿಂದ ಬರಬೇಕು ಎಂದು ನಿಮಗೆ ಅನ್ನಿಸಬಹುದು. ಆದರೆ ರಾಗಿ ಹೊಲ, ಬಂಡೆಗುಡ್ಡ, ಸಣ್ಣಪುಟ್ಟ ಕೆರೆಗಳು ಹತ್ತಿರ ಹತ್ತಿರವೇ ಇರುವ ಇಂಥ ಜಾಗ ವಲಸೆ ಹಕ್ಕಿಗಳಿಗೆ ಬಹಳ ಇಷ್ಟ.

ಇದು ಬರುವ ಕಾಲವಲ್ಲ, ಹೊರಡುವ ಕಾಲ

ಮೊದಲ ಸಂದೇಶ ಎಡವಿರುವುದು ದಿಕ್ಕಿನಲ್ಲೇ. ಹೊರದೇಶಗಳಿಂದ ನಮ್ಮ ಕಡೆಗೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲದ ವಲಸಿಗರು. ಆಗಸ್ಟ್, ಸೆಪ್ಟೆಂಬರ್‌ನಿಂದ ಬರಲು ಶುರು ಮಾಡಿ, ಫೆಬ್ರವರಿಯಿಂದ ಏಪ್ರಿಲ್ ಕೊನೆಯೊಳಗೆ ಉತ್ತರಕ್ಕೆ ಹೊರಟುಬಿಡುತ್ತವೆ. ಯುಗಾದಿಯ ಹೊತ್ತಿಗೆ ಕೆರೆಯಲ್ಲಿ ಕಾಣುವ ಸೂಜಿಬಾಲದ ಬಾತು, ಅಂಚಿನ ಕೆಸರಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಹಳದಿ ಸಿಪಿಲೆ, ಬೇಲಿಯ ಮೇಲೆ ಕೂರುವ ಕಂದು ಕಳಿಂಗ ಎಲ್ಲವೂ ಪ್ರಯಾಣದ ಸಿದ್ಧತೆಯಲ್ಲಿರುತ್ತವೆ.

ಸಿದ್ಧತೆ ಎಂದರೆ ಮುಖ್ಯವಾಗಿ ತಿನ್ನುವುದು. ಹಗಲು ಉದ್ದವಾಗುತ್ತಿದ್ದಂತೆ ಹಕ್ಕಿಯ ದೇಹದಲ್ಲಿ ಹಾರ್ಮೋನುಗಳು ಬದಲಾಗುತ್ತವೆ, ಹಸಿವು ಏರುತ್ತದೆ, ಚರ್ಮದಡಿ ಕೊಬ್ಬು ಸೇರುತ್ತದೆ. ದಾರಿಯುದ್ದಕ್ಕೂ ಈ ಕೊಬ್ಬೇ ಪೆಟ್ರೋಲು. ಹಲವು ಜಾತಿಗಳಲ್ಲಿ ಪುಕ್ಕವೂ ಬದಲಾಗುತ್ತದೆ. ನವೆಂಬರ್‌ನಲ್ಲಿ ಮಂಕಾಗಿದ್ದ ಗಂಡು ಹಳದಿ ಸಿಪಿಲೆ ಮಾರ್ಚ್‌ನಲ್ಲಿ ಅರಿಸಿನ ಬಳಿದಂತೆ ಮಿಂಚುವುದನ್ನು ನೋಡಿ ಹೊಸ ಹಕ್ಕಿ ಬಂತು ಎಂದುಕೊಳ್ಳುವವರಿದ್ದಾರೆ. ಅದು ಹಳೆಯದೇ, ಮದುವೆ ಬಟ್ಟೆ ಹಾಕಿದೆ ಅಷ್ಟೆ.

ಇದೇ ತಿಂಗಳುಗಳಲ್ಲಿ ಬೂರುಗ, ಮುತ್ತುಗದ ಮರಗಳಲ್ಲಿ ಗಲಾಟೆ ಎಬ್ಬಿಸುವ ಗುಲಾಬಿ ಮೈನಾಗಳನ್ನೂ (ಗೊರವಂಕದ ಬಳಗದವು) ಗಮನಿಸಿ. ಹೂವಿನ ಮಕರಂದ ಕುಡಿದು ಮೂತಿಗೆ ಪರಾಗ ಮೆತ್ತಿಸಿಕೊಂಡ ಇವು ಏಪ್ರಿಲ್‌ನಲ್ಲಿ ಇಲ್ಲಿಂದ ಹೊರಟು ಮಧ್ಯ ಏಷ್ಯಾ ಮತ್ತು ಪೂರ್ವ ಯುರೋಪಿನ ಹುಲ್ಲುಗಾವಲು ಸೇರುತ್ತವೆ. ಅಲ್ಲಿ ಮರಿಗಳಿಗೆ ಉಣಿಸುವುದು ಮಿಡತೆಗಳನ್ನು.

ಇಷ್ಟು ದೂರ ಯಾಕೆ ಹೋಗಬೇಕು? ಉತ್ತರದ ಬೇಸಿಗೆಯಲ್ಲಿ ಹಗಲು ಬಹಳ ಉದ್ದ, ಹುಳಹುಪ್ಪಟೆ ಹೇರಳ. ಮರಿಗಳಿಗೆ ದಿನವಿಡೀ ಗುಟುಕು ಕೊಡಬಹುದು. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದಾಗ ಹೊಟ್ಟೆ ತುಂಬಿಸುವುದು ನಮ್ಮೂರು.

ಹಾಗಾದರೆ ಫೋಟೊದಲ್ಲಿರುವ ಕೊಕ್ಕರೆ?

ಅದು ಬಣ್ಣದ ಕೊಕ್ಕರೆ. ಸೈಬೀರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಬದುಕುವುದು ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗಿನ ಬೆಚ್ಚನೆಯ ಬಯಲುಗಳಲ್ಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದರ ಜೊತೆ ಗೂಡು ಕಟ್ಟುವ ಹೆಜ್ಜಾರ್ಲೆಯೂ ಅಷ್ಟೆ, ದಕ್ಷಿಣ ಏಷ್ಯಾದ ಹಕ್ಕಿ. ದಾಬಸ್‌ಪೇಟೆಯವರು ಕೊಕ್ಕರೆಬೆಳ್ಳೂರಿನತನಕ ಹೋಗಬೇಕಾಗಿಯೂ ಇಲ್ಲ. ಅದೇ ಹೆದ್ದಾರಿಯಲ್ಲಿ ತುಮಕೂರು ದಾಟಿ ಶಿರಾ ಕಡೆ ಹೋದರೆ ಕಗ್ಗಲಡು ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ಹುಣಸೆಮರಗಳ ಮೇಲೆ ಮನೆಗಳ ನಡುವೆಯೇ ಬಣ್ಣದ ಕೊಕ್ಕರೆಗಳು ಸಂಸಾರ ಹೂಡುತ್ತವೆ. ನಮ್ಮ ಸುತ್ತಿನ ಕೆರೆಗಳಲ್ಲಿ ಕಾಣುವ ಬಣ್ಣದ ಕೊಕ್ಕರೆಗಳು ನೀರು, ಮೀನು ಇರುವಲ್ಲಿಗೆ ಜಿಲ್ಲೆಯಿಂದ ಜಿಲ್ಲೆಗೆ ಓಡಾಡುವ ಸ್ಥಳೀಯರು.

ಒಂದು ಸುಲಭದ ಗುರುತು ಇಟ್ಟುಕೊಳ್ಳಬಹುದು. ನಮ್ಮೂರಲ್ಲಿ ಗೂಡು ಕಟ್ಟಿ ಮರಿ ಮಾಡಿದರೆ ಅದು ಬಹುಪಾಲು ನಮ್ಮದೇ ಹಕ್ಕಿ. ಚಳಿಗಾಲಕ್ಕೆ ಬರುವ ಹೊರಗಿನವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಅಪವಾದವೂ ಇದೆ: ಚಾತಕದ ಒಂದು ಉಪಜಾತಿ ಆಫ್ರಿಕಾದಿಂದ ಮುಂಗಾರಿನ ಜೊತೆ ಉತ್ತರ ಮತ್ತು ಮಧ್ಯ ಭಾರತಕ್ಕೆ ಬಂದು ಮೊಟ್ಟೆ ಇಡುತ್ತದೆ. ಆದರೆ ಅದು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಬೇರೆ ಹಕ್ಕಿಯ ಗೂಡಿನಲ್ಲಿಟ್ಟು ಹೋಗುತ್ತದೆ!

ಸೈಬೀರಿಯಾದ ಹೆಸರು ಎಲ್ಲಿಂದ ಅಂಟಿಕೊಂಡಿತು? ರಾಜಸ್ಥಾನದ ಭರತಪುರಕ್ಕೆ ನಿಜಕ್ಕೂ ಸೈಬೀರಿಯಾದ ಬಿಳಿ ಕ್ರೌಂಚಗಳು ಬರುತ್ತಿದ್ದವು, ದೇಶದಲ್ಲೆಲ್ಲ ಹೆಸರಾಗಿದ್ದವು. ದೊಡ್ಡ ಬಿಳಿ ಹಕ್ಕಿ ಎಂದರೆ ಸೈಬೀರಿಯಾ ಎಂಬ ಮಾತು ಅಲ್ಲಿಂದ ಉಳಿದಿರಬಹುದು ಎಂಬುದು ನಮ್ಮ ಊಹೆ. 2002ರ ನಂತರ ಆ ಕ್ರೌಂಚಗಳು ಭರತಪುರದಲ್ಲಿ ಕಂಡಿಲ್ಲ.

ಎಲ್ಲಿಯದಾದರೇನು, ಹಕ್ಕಿ ಹಕ್ಕಿಯೇ ಅಲ್ಲವೇ ಎನ್ನಬಹುದು. ಆದರೆ ವ್ಯತ್ಯಾಸವಿದೆ. ಕೊಕ್ಕರೆ ಸೈಬೀರಿಯಾದ್ದು ಎಂದುಕೊಂಡರೆ, ಒಂದು ವರ್ಷ ಬರದಿದ್ದಾಗ ಅಲ್ಲೇನೋ ಆಗಿರಬೇಕು ಎಂದು ಸುಮ್ಮನಾಗುತ್ತೇವೆ. ಅದು ನಮ್ಮದೇ ಎಂದು ಗೊತ್ತಿದ್ದರೆ ಯಾವ ಕೆರೆ ಬತ್ತಿತು, ಯಾವ ಹುಣಸೆಮರ ಬಿತ್ತು ಎಂದು ಕೇಳುತ್ತೇವೆ. ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಡುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವುದು ಈ ಕಾರಣಕ್ಕೇ.

ನಿಜವಾದ ದೂರದ ಪ್ರಯಾಣಿಕರು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಖಂಡಿತ ವಿದೇಶದವು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಭಾಗದ ಕೆರೆಗಳಲ್ಲಿ ಕಂಡಿವೆ. ಅವು ಎವರೆಸ್ಟ್ ಮೇಲಿಂದ ಹಾರುತ್ತವೆ ಎಂಬ ಫಾರ್ವರ್ಡ್ ಮಾತ್ರ ಸ್ವಲ್ಪ ಉಬ್ಬಿಸಿದ್ದು. ಉಪಗ್ರಹ ಸಾಧನ ಕಟ್ಟಿ ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಎವರೆಸ್ಟ್ 8,848 ಮೀಟರ್‌ಗೂ ತುಸು ಹೆಚ್ಚು. ಸಾಮಾನ್ಯವಾಗಿ ಅವು ಕಣಿವೆಗಳನ್ನು ಹಿಡಿದು, ನೆಲದ ಏರಿಳಿತದ ಜೊತೆಗೇ ತಾವೂ ಏರಿಳಿಯುತ್ತಾ ಹಾರುತ್ತವೆ. ಗಾಳಿ ತೆಳುವಾದಲ್ಲೂ ಆಮ್ಲಜನಕ ಹಿಡಿದಿಡಬಲ್ಲ ವಿಶೇಷ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ.

ನಮಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ನಿಮ್ಮ ಮನೆ ಮುಂದಿನ ಮರದಲ್ಲೇ ಇರುವ ಎಲೆ ಉಲಿಯಕ್ಕಿ. ಎಲೆಯ ಬಣ್ಣದ್ದು, ತೂಕ ಸುಮಾರು ಎಂಟು ಗ್ರಾಂ. ಇವುಗಳಲ್ಲಿ ಕೆಲವು ಹಿಮಾಲಯಕ್ಕೆ, ಕೆಲವು ಅದನ್ನೂ ದಾಟಿ ಹೋಗುತ್ತವೆ. ಹೆಚ್ಚಿನ ಸಣ್ಣ ಹಕ್ಕಿಗಳು ಪ್ರಯಾಣ ಮಾಡುವುದು ರಾತ್ರಿ, ನಕ್ಷತ್ರ ಮತ್ತು ಭೂಮಿಯ ಕಾಂತಕ್ಷೇತ್ರದ ನೆರವಿನಿಂದ. ಇದರ ಫೋಟೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕೋಗಿಲೆಯ ಕತೆ ಚಿಕ್ಕದು. ಅದು ವರ್ಷವಿಡೀ ಇಲ್ಲೇ ಇರುತ್ತದೆ, ಉಳಿದ ತಿಂಗಳು ಬಾಯಿ ಬಿಡುವುದು ಕಡಿಮೆ ಅಷ್ಟೆ. ಸಂತಾನದ ಕಾಲ ಹತ್ತಿರವಾದಾಗ ಕೂಗು ಏರುತ್ತದೆ. ‘ಕುಹೂ’ ಎನ್ನುವುದು ಕಪ್ಪಗಿರುವ ಗಂಡು. ಚುಕ್ಕೆಚುಕ್ಕೆಯ ಕಂದು ಹೆಣ್ಣು ‘ಕಿಕ್ ಕಿಕ್’ ಎಂದು ಕಿರುಚುತ್ತದೆ.

ಹಕ್ಕಿಜ್ವರದ ಮಾತಿನಲ್ಲಿ ಎಷ್ಟು ಹುರುಳಿದೆ?

ಇದನ್ನು ಪೂರ್ತಿ ಸುಳ್ಳು ಎನ್ನಲಾಗದು. ಕಾಡುಹಕ್ಕಿಗಳು, ಅದರಲ್ಲೂ ಬಾತುಗಳು ಈ ವೈರಸ್ ಹೊತ್ತೊಯ್ಯಬಲ್ಲವು. 2020ರ ಡಿಸೆಂಬರ್ ಕೊನೆಯಿಂದ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಹಕ್ಕಿಜ್ವರದಿಂದ ಸತ್ತವು. ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತುಗಳು. ನಮ್ಮ ಹತ್ತಿರದ ಹೆಸರಘಟ್ಟದಲ್ಲಿ 2012ರಲ್ಲಿ ಸಾಕಿದ ಟರ್ಕಿ ಕೋಳಿಗಳಲ್ಲಿ ಎಚ್5ಎನ್1 ಪತ್ತೆಯಾಗಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಾಣಿಸಿಕೊಂಡಿತು.

ಆದರೆ ಫಾರಂನಿಂದ ಫಾರಂಗೆ ರೋಗ ದಾಟಲು ಹಕ್ಕಿಯೇ ಬೇಕಿಲ್ಲ. ಕೋಳಿ ಸಾಗಿಸುವ ಲಾರಿ, ತೊಳೆಯದ ಪಂಜರ, ಮೊಟ್ಟೆ ಟ್ರೇ, ಗೊಬ್ಬರ, ಕೆಲಸದವರ ಚಪ್ಪಲಿ ಸಾಕು. ಅದಕ್ಕೇ ರೋಗ ಖಚಿತವಾದಾಗ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಂದು ವಿಲೇವಾರಿ ಮಾಡಿ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಸತ್ತ ಹಕ್ಕಿಯನ್ನು ನೋಡಿದ ಮಾತ್ರಕ್ಕೆ ಕಾರಣ ಹೇಳಲಾಗದು. 2017ರ ಕೊನೆಯಿಂದ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸಾಲುಸಾಲಾಗಿ ಸತ್ತಾಗಲೂ ಹಕ್ಕಿಜ್ವರದ ಭಯ ಹಬ್ಬಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆಹುಳು.

ಕೋಳಿ ವಿಷಯ: 70 ಡಿಗ್ರಿ ಸೆಲ್ಸಿಯಸ್ ಶಾಖ ಮಾಂಸದ ಒಳಗಿನವರೆಗೂ ತಲುಪುವಂತೆ ಬೇಯಿಸಿದರೆ ವೈರಸ್ ಉಳಿಯುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಸಾರು ಕುದಿಯುವುದು ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯಿರಿ. ರೋಗದಿಂದ ಸತ್ತ ಕೋಳಿಯನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಗೆ ತರಬೇಡಿ. ಕೆರೆ ದಂಡೆಯಿಂದ ಹಕ್ಕಿ ನೋಡುವುದರಿಂದ ಜ್ವರ ಬರುವುದಿಲ್ಲ. ಪಟಾಕಿ ಹೊಡೆದು ಓಡಿಸಿದರೆ ಸೋಂಕಿರುವ ಹಕ್ಕಿಯೂ ಪಕ್ಕದ ಕೆರೆಗೆ ಹೋಗಿ ಕೂರುತ್ತದೆ.

ಕೆರೆ ಬದಿಯಲ್ಲಿ ಒಟ್ಟೊಟ್ಟಿಗೆ ಹಲವು ಹಕ್ಕಿಗಳು ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ, ನಾಯಿಗಳನ್ನು ದೂರವಿಟ್ಟು, ಪಶುವೈದ್ಯ ಆಸ್ಪತ್ರೆಗೋ 1962 ಸಹಾಯವಾಣಿಗೋ ತಿಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಕರೆ ಬರಬಹುದು: ಕಾರ್ಖಾನೆಯ ಗಾಜಿನ ಗೋಡೆಗೆ ಬಡಿದು ಬಿದ್ದ ಬಣ್ಣಬಣ್ಣದ, ಮೋಟು ಬಾಲದ ಹಕ್ಕಿ. ಅದು ನವರಂಗ, ದಕ್ಷಿಣದಲ್ಲಿ ಚಳಿಗಾಲ ಕಳೆದು ಉತ್ತರದ ಕಾಡುಗಳಿಗೆ ಹೊರಟದ್ದು. ಬಾಯಿಗೆ ನೀರು ಸುರಿಯಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಗದ್ದಲವಿಲ್ಲದ ಕತ್ತಲೆಯಲ್ಲಿ ಒಂದೆರಡು ಗಂಟೆ ಇಡಿ. ಚೇತರಿಸಿಕೊಂಡರೆ ಹತ್ತಿರದ ಮರಗಳ ನಡುವೆ ಬಿಡಿ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಾಲಲ್ಲಿ ಉಂಗುರವಿದ್ದರೆ ಕೀಳಬೇಡಿ, ಅಂಕಿ ಕಾಣುವಂತೆ ಫೋಟೊ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಫೋನ್‌ನಲ್ಲಿ ಇ-ಬರ್ಡ್ ಆ್ಯಪ್ ಇದ್ದರೆ ಊರ ಕೆರೆಯಲ್ಲಿ ಸಿಪಿಲೆ ಕೊನೆಯ ಸಲ ಕಂಡ ದಿನವನ್ನು ದಾಖಲಿಸಬಹುದು. ಬೆಂಗಳೂರಿನ ಎನ್‌ಸಿಬಿಎಸ್ 2007ರಲ್ಲಿ ಶುರುಮಾಡಿದ ಮೈಗ್ರೆಂಟ್‌ವಾಚ್ ಇಂಥ ದಿನಾಂಕಗಳನ್ನೇ ಜನರಿಂದ ಕೇಳಿ ಪಡೆಯುತ್ತಿತ್ತು. ಈಗ ಆ ಕೆಲಸ ಇ-ಬರ್ಡ್‌ನಲ್ಲಿ ಮುಂದುವರಿದಿದೆ.